ವೈರ್ ಕೂತಿದೆ, ಚಿತ್ರ ಬಂದಿಲ್ಲ

ವೈರಿನ ಮೂತಿ ನೋಡಿದರೆ ಸಾಕು, ಅದು ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗುತ್ತಿದ್ದ ಕಾಲ ಒಂದಿತ್ತು. ನೀಲಿ ಮೂತಿ ಮಾನಿಟರಿಗೆ, ಹಸಿರು ಮೌಸಿಗೆ, ನೇರಳೆ ಕೀಬೋರ್ಡಿಗೆ. (ಮೌಸು ಕೀಬೋರ್ಡು ಅದಲುಬದಲಾಗುತ್ತಿದ್ದವು, ಒಪ್ಪಿಕೊಂಡೆ. ಅವೆರಡರ ಆಕಾರ ಒಂದೇ.) ಮಾನಿಟರ್ ವೈರನ್ನಂತೂ ಬೇರೆ ಕಡೆ ತುರುಕಲು ಹೋದರೆ ಅದು ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುತ್ತಿತ್ತು. ಕೂತರೆ ಕೆಲಸ ಮಾಡಿತು ಅಂತಲೇ ಲೆಕ್ಕ. ಈಗ ಒಂದೇ ಮೂತಿಯ ವೈರು ಎಲ್ಲ ಕಡೆಯೂ ಕೂರುತ್ತದೆ. ಉಲ್ಟಾ ಹಾಕಿದರೂ ಕೂರುತ್ತದೆ. ಕೂತ ಮೇಲೆ ಸುಮ್ನೆ ಕೂತೇ ಇರುತ್ತದೆ.

ನಮ್ಮಪ್ಪ ದಾವಣಗೆರೆಯ ಬಟ್ಟೆ ಮಿಲ್ಲೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಎದೆಯುಬ್ಬಿಸಿ ಹೇಳುತ್ತಿದ್ದ ದಿನಗಳವು. ಮಿಲ್ಲು ಮುಚ್ಚಿತು, ಅಪ್ಪ ಮನೆಗೆ ಬಂದರು, ಅವರ ಜೇಬಿನ ಟೆಸ್ಟರ್ ಮಾತ್ರ ಇವತ್ತಿಗೂ ಡ್ಯೂಟಿಯಲ್ಲಿದೆ. ಅವರ ಪ್ರಕಾರ ಯಾವ ವೈರಿಗಾದರೂ ಕೇಳಬೇಕಾದ ಪ್ರಶ್ನೆ ಒಂದೇ: "ಕರೆಂಟ್ ಬರ್ತೈತಾ?" ಬಂದರೆ ವೈರು ಚೆನ್ನಾಗಿದೆ. ಬರದಿದ್ದರೆ ಟೇಪ್ ಸುತ್ತಬೇಕು.

ಇಂಥವರಿಗೆ ವಿಜಿಎ ಕೇಬಲ್, ಅಂದರೆ ಆ ನೀಲಿ ಮೂತಿಯ ಮಾನಿಟರ್ ವೈರು, ಅಂದರೆ ಪ್ರಾಣ. 1987ರಲ್ಲಿ ಐಬಿಎಂ ತಂದದ್ದು. ಮೂರು ಸಾಲಿನಲ್ಲಿ 15 ಪಿನ್, ಎರಡು ಪಕ್ಕದಲ್ಲಿ ಎರಡು ಸ್ಕ್ರೂ. "ಸ್ಕ್ರೂ ಐತೆ ನೋಡು, ಇದು ಮರ್ಯಾದಸ್ಥ ವೈರು" ಅನ್ನುತ್ತಿದ್ದರು. ಆ ಮರ್ಯಾದೆಗೆ ನಾವು ತೆತ್ತ ಬೆಲೆ ಕಡಿಮೆಯಲ್ಲ. ಅಪ್ಪ ಬೆರಳಲ್ಲಿ ತಿರುಗಿಸಿ ತೃಪ್ತಿಪಡುವವರಲ್ಲ, ಕಟಿಂಗ್ ಪ್ಲೇಯರ್ ತಂದು ಕೊನೆಯ ಸುತ್ತು ಬಿಗಿಯುತ್ತಿದ್ದರು. ಮುಂದೆ ಯಾವತ್ತೋ ಬಿಚ್ಚುವಾಗ ವೈರಿನ ಸ್ಕ್ರೂ ಜೊತೆಗೆ ಮಾನಿಟರಿನ ಆರು ಮೂಲೆಯ ನಟ್ಟೂ ಕಿತ್ತುಕೊಂಡು ಬರುತ್ತಿತ್ತು. ಆಮೇಲೆ ಅದನ್ನೂ ಇದನ್ನೂ ಬೇರೆ ಮಾಡಲು ಅದೇ ಪ್ಲೇಯರ್ ಬೇಕಾಗುತ್ತಿತ್ತು.

ಒಮ್ಮೆ ಹೊಸ ಕೇಬಲ್ ತಂದಾಗ ಅಪ್ಪ ಬೆಳಕಿಗೆ ಹಿಡಿದು ಎಣಿಸಿದರು. ಹದಿನಾಲ್ಕೇ ಪಿನ್! ನಡು ಸಾಲಿನಲ್ಲಿ ಒಂದು ಜಾಗ ಖಾಲಿ. ಅಂಗಡಿಗೆ ಹೋಗಿ ಜಗಳ ತೆಗೆದರು. ಅಂಗಡಿಯವನು ಸಮಾಧಾನವಾಗಿ ಇನ್ನೊಂದು ಪ್ಯಾಕೆಟ್ ಒಡೆದ. ಅದರಲ್ಲೂ ಹದಿನಾಲ್ಕು. ಮತ್ತೊಂದು ಒಡೆದ. ಅದೂ ಹಾಗೇ. ಒಂಬತ್ತನೇ ಪಿನ್ ಬಹಳಷ್ಟು ವಿಜಿಎ ಕೇಬಲ್‌ಗಳಲ್ಲಿ ಇರುವುದೇ ಇಲ್ಲ. ಮೊದಲು ಅದು ಇರಬಾರದು ಅಂತಲೇ ಖಾಲಿ ಬಿಟ್ಟಿದ್ದ ಜಾಗ. ಅಪ್ಪನಿಗೆ ಇದನ್ನು ಹೇಳಿದರೆ "ಹಂಗಾರೆ ತೂತು ಯಾಕೆ ಕೊಟ್ಟವ್ರೆ?" ಅಂದರು. ನ್ಯಾಯವಾದ ಪ್ರಶ್ನೆಯೇ, ಅಲ್ವಾ?

ವಿಜಿಎ ಎಷ್ಟು ಪ್ರಾಮಾಣಿಕ ಅಂದರೆ, ಕೆಟ್ಟರೂ ಎಲ್ಲಿ ಕೆಟ್ಟಿದೆ ಅಂತ ಹೇಳಿಯೇ ಕೆಡುತ್ತದೆ. ಅದರಲ್ಲಿ ಕೆಂಪು, ಹಸಿರು, ನೀಲಿ ಬಣ್ಣಕ್ಕೆ ಬೇರೆ ಬೇರೆ ಪಿನ್. ಒಂದು ಪಿನ್ ಬಾಗಿದರೆ ಆ ಒಂದು ಬಣ್ಣ ಮಾತ್ರ ಮಾಯ. ನಮ್ಮ ಚಿಕ್ಕಪ್ಪನ ಮಗಳ ರಿಸೆಪ್ಷನ್ನಿನಲ್ಲಿ ಇದರ ಪ್ರದರ್ಶನವೇ ನಡೆಯಿತು. ಹುಡುಗ ಹುಡುಗಿ ಊಟಿಯಲ್ಲಿ ತೆಗೆಸಿಕೊಂಡ ಫೋಟೋಗಳನ್ನು ಪ್ರೊಜೆಕ್ಟರಿನಲ್ಲಿ ತೋರಿಸುತ್ತಿದ್ದರು. ಕಾಲಿಗೆ ಸಿಕ್ಕಿದ ಕೇಬಲ್ ಸಡಿಲವಾಗಿ ನೀಲಿ ಬಣ್ಣ ಹೊರಟುಹೋಯಿತು. ನೀಲಿ ಹೋದರೆ ಬಿಳಿಯೆಲ್ಲ ಹಳದಿ. ಹುಡುಗನ ಬಿಳಿ ಅಂಗಿ ಹಳದಿ, ಮೋಡ ಹಳದಿ, ಇಬ್ಬರ ಮುಖವೂ ಹಳದಿ. ಮುಂದಿನ ಸಾಲಿನಲ್ಲಿದ್ದ ಅಜ್ಜಿ ಪಕ್ಕದವರಿಗೆ ಹೇಳಿದರು: "ಅರಿಶಿನ ಶಾಸ್ತ್ರ ಭಾಳ ಜೋರಾಗಿ ಮಾಡ್ಯಾರೆ ಬಿಡವ್ವ." ಹುಡುಗನ ಕಡೆಯವರೂ ಹೌದು ಹೌದು ಅಂದರು. ಯಾರೂ ಕೇಬಲ್ ಸರಿಮಾಡುವ ಗೋಜಿಗೆ ಹೋಗಲಿಲ್ಲ.

ಆಮೇಲೆ 1999ರಲ್ಲಿ ಡಿವಿಐ ಅಂತ ಬಿಳಿ ಮೂತಿಯದೊಂದು ಬಂತು. ಅದರಲ್ಲಿ ಡಿ, ಎ, ಐ ಅಂತ ಮೂರು ಪಂಗಡ. ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ಎಲ್ಲದರ ಪಿನ್ ಎಲ್ಲದಕ್ಕೂ ಹೋಗುವುದಿಲ್ಲ. ನಮ್ಮ ಮನೆಗೆ ಅದು ಬಂದದ್ದೂ ಹೋದದ್ದೂ ಸರಿಯಾಗಿ ಗೊತ್ತಾಗಲಿಲ್ಲ.

ಎಚ್‌ಡಿಎಂಐ ಹಾಗಲ್ಲ. ಅದು ಬಂದು ಬೇರು ಬಿಟ್ಟಿತು. ಸೋನಿ, ಹಿಟಾಚಿ, ತೋಷಿಬಾ, ಪ್ಯಾನಾಸೋನಿಕ್, ಫಿಲಿಪ್ಸ್ ಎಲ್ಲ ಸೇರಿ 2002ರಲ್ಲಿ ಹೊರತಂದದ್ದು. 19 ಪಿನ್, ಒಂದೇ ವೈರಿನಲ್ಲಿ ಚಿತ್ರವೂ ಶಬ್ದವೂ. ಸ್ಕ್ರೂ ಇಲ್ಲ. ಅಪ್ಪ ಅದನ್ನು ಎಂದೂ ನಂಬಲಿಲ್ಲ. ಗೋಡೆಗೆ ಅಂಟಿಸಿದ ಟಿವಿಯ ಹಿಂದೆ ಕೈ ಹಾಕಿ, ಕೆನ್ನೆಯನ್ನು ಗೋಡೆಗೆ ಒತ್ತಿ, ಕಣ್ಣು ಮುಚ್ಚಿ ತಡಕಾಡಿ ಸಿಕ್ಕಿಸುವ ವೈರು ಅದು. ಸಿಕ್ಕಿತು ಅಂದುಕೊಂಡರೆ ಅದು ಪಕ್ಕದ ಯುಎಸ್‌ಬಿ ತೂತಿನ ಅಂಚಿಗೆ ತಾಗಿ ನಿಂತಿರುತ್ತದೆ.

ಎಚ್‌ಡಿಎಂಐ ಕೊಳ್ಳಲು ಹೋದರೆ ಇನ್ನೊಂದು ಕಥೆ. ಪಿ.ಬಿ. ರಸ್ತೆ ಕಡೆಯ ಅಂಗಡಿಯೊಂದರಲ್ಲಿ ಹುಡುಗ ಎರಡು ಕೇಬಲ್ ಮುಂದಿಟ್ಟ. ಒಂದು ಸಾದಾ. ಇನ್ನೊಂದರ ತುದಿಗೆ ಬಂಗಾರದ ಲೇಪನ, ಬೆಲೆ ಮೂರು ಪಟ್ಟು. "ಇದ್ರಾಗೆ ಪಿಚ್ಚರ್ ಶೈನಿಂಗ್ ಬರ್ತೈತೆ ಸಾರ್." ಬರುವುದಿಲ್ಲ. ಬಂಗಾರ ಇದ್ದರೆ ತುದಿ ಕಿಲುಬು ಹಿಡಿಯುವುದಿಲ್ಲ, ಅಷ್ಟೇ. ಒಳಗೆ ಹೋಗುವುದು ಸೊನ್ನೆ ಮತ್ತು ಒಂದು. ತಲುಪಿದರೆ ಚಿತ್ರ ಪೂರ್ತಿ ಬರುತ್ತದೆ. ಸರಿಯಾಗಿ ತಲುಪದಿದ್ದರೆ ಪರದೆ ಮೇಲೆ ಚುಕ್ಕಿ ಮಿನುಗುತ್ತದೆ, ಇಲ್ಲವೇ ಆಗಾಗ ಕಪ್ಪಾಗುತ್ತದೆ. ಸ್ವಲ್ಪ ಜಾಸ್ತಿ ಚೆಂದ ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಆದರೂ ಹಿಂದೆ ನಿಂತಿದ್ದ ಇನ್ನೊಬ್ಬರು ಬಂಗಾರದ್ದನ್ನೇ ತೆಗೆದುಕೊಂಡು ಹೋದರು. ಬಂಗಾರದ ರೇಟು ಈಗ ಇರುವುದು ನೋಡಿದರೆ ಇದು ಅಗ್ಗ ಅನ್ನಿಸಿರಬೇಕು.

"ವರ್ಷನ್ ಯಾವುದು?" ಅಂತ ಕೇಳಿದೆ. "ಟೂ ಪಾಯಿಂಟ್ ಒನ್, ಲೇಟೆಸ್ಟ್" ಅಂದ. ತಮಾಷೆ ಏನೆಂದರೆ, ಎಚ್‌ಡಿಎಂಐ ಕೇಬಲ್ಲಿಗೆ ಆ ನಂಬರ್ ಹಾಕುವಂತೆಯೇ ಇಲ್ಲ, ಅದು ಎಚ್‌ಡಿಎಂಐ ನಿಯಮಾವಳಿಯ ನಂಬರು. ಕೇಬಲ್ಲಿಗೆ ಹೈ ಸ್ಪೀಡ್, ಪ್ರೀಮಿಯಂ ಹೈ ಸ್ಪೀಡ್, ಅಲ್ಟ್ರಾ ಹೈ ಸ್ಪೀಡ್ ಅಂತ ದರ್ಜೆಗಳಿವೆ. ಪ್ರೀಮಿಯಂ ಸೆಕೆಂಡಿಗೆ 18 ಗಿಗಾಬಿಟ್ ಡೇಟಾ ಹೊರುತ್ತದೆ, ಅಲ್ಟ್ರಾ 48. ಇವೆರಡರ ಪೆಟ್ಟಿಗೆ ಮೇಲೆ ಫೋನಿನಲ್ಲಿ ಸ್ಕ್ಯಾನ್ ಮಾಡಿ ನೋಡುವ ಹೊಳೆಯುವ ಚೀಟಿ ಇರಬೇಕು. ಹುಡುಗ ತೋರಿಸಿದ ಪೆಟ್ಟಿಗೆ ಮೇಲೆ ಇದ್ದದ್ದು ಹಾರುವ ಹದ್ದಿನ ಚಿತ್ರ.

ನಮ್ಮ ಪಕ್ಕದ ಮನೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಇದ್ದಾನೆ. ಅವರಮ್ಮನ ಚೀಟಿ ದುಡ್ಡಿನಲ್ಲಿ ಗೇಮಿನ ಚಿತ್ರ ಬೇಗ ಬಿಡಿಸುವ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡ. ಗೇಮ್ ಮಾತ್ರ ಮೊದಲಿಗಿಂತ ನಿಧಾನ ಅಂತ ಗೋಳಾಡಿದ. ಹೋಗಿ ನೋಡಿದರೆ ಮಾನಿಟರ್ ವೈರನ್ನು ಮೇಲುಗಡೆ ಮದರ್‌ಬೋರ್ಡಿನ ಪೋರ್ಟಿಗೆ ಸಿಕ್ಕಿಸಿದ್ದಾನೆ. ಕಾರ್ಡಿನ ಪೋರ್ಟುಗಳು ಕೆಳಗೆ ಬೇರೆಯೇ ಇವೆ, ಪ್ಲಾಸ್ಟಿಕ್ ಮುಚ್ಚಳವನ್ನೂ ತೆಗೆದಿಲ್ಲ. ಅಷ್ಟು ದಿನ ಕಾರ್ಡು ಒಳಗೆ ಫ್ಯಾನ್ ತಿರುಗಿಸಿಕೊಂಡು ತಣ್ಣಗೆ ಕೂತಿತ್ತು. ಅವರಮ್ಮನಿಗೆ ಹೇಳಬೇಡಿ ಅಂಕಲ್ ಅಂದ. ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ ಅಷ್ಟೇ.

ಇವೆಲ್ಲ ಸಣ್ಣಪುಟ್ಟವು. ನಿಜವಾದ ಪಜೀತಿ ಶುರುವಾದದ್ದು ನನ್ನ ಬಾಮೈದ ಬೆಂಗಳೂರಿನಿಂದ ವರ್ಕ್ ಫ್ರಮ್ ಹೋಮ್ ಅಂತ ಬಂದು ನಮ್ಮ ವಿದ್ಯಾನಗರದ ಮನೆಯಲ್ಲಿ ಬೀಡುಬಿಟ್ಟಾಗ. ಅವನ ಲ್ಯಾಪ್‌ಟಾಪು ಎಷ್ಟು ತೆಳ್ಳಗಿದೆ ಅಂದರೆ ಅಮ್ಮ ಅದನ್ನು ಪೇಪರ್ ಜೊತೆ ಎತ್ತಿಡಲು ಹೋಗಿದ್ದರು. ಅದರಲ್ಲಿ ಇರುವುದೇ ಎರಡು ಸಿ-ಟೈಪ್ ತೂತು. ಜೊತೆಗೆ ದೊಡ್ಡ ಮಾನಿಟರ್ ತಂದಿದ್ದ. ಅದಕ್ಕೆ ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್, ಸಿ-ಟೈಪ್ ಮೂರೂ ಇವೆ. "ಒಂದೇ ಕೇಬಲ್ ಭಾವ. ಚಾರ್ಜೂ ಅದೇ, ಡಿಸ್‌ಪ್ಲೇನೂ ಅದೇ" ಅಂದ. ಫೋನಿನ ಜೊತೆ ಬಂದ ಬಿಳಿ ಕೇಬಲ್ ತೆಗೆದು ಎರಡು ಕಡೆಯೂ ಚುಚ್ಚಿದ. ಚೆನ್ನಾಗಿ ಕೂತಿತು. ಮಾನಿಟರ್ ಹೇಳಿತು: ನೋ ಸಿಗ್ನಲ್.

ಅಪ್ಪ ಬಂದರು. "ಕರೆಂಟ್ ಬರ್ತೈತಾ?"

"ಬರ್ತಿದೆ ಮಾವ, ನೋಡಿ ಚಾರ್ಜ್ ಆಗ್ತಿದೆ."

ಹೌದು, ಲ್ಯಾಪ್‌ಟಾಪ್ ಮೂಲೆಯಲ್ಲಿ ಮಿಂಚಿನ ಗುರುತು. ಮಾನಿಟರಿನಿಂದ ಅದೇ ವೈರಿನಲ್ಲಿ ಕರೆಂಟ್ ಬರುತ್ತಿದೆ. ಚಿತ್ರ ಮಾತ್ರ ಅತ್ತ ಹೋಗುತ್ತಿಲ್ಲ. ಅಪ್ಪನ ಮುಖ ನೋಡಬೇಕಿತ್ತು. ಮಿಲ್ಲಿನ ಅಷ್ಟೂ ವರ್ಷಗಳ ಸಿದ್ಧಾಂತ ಕಣ್ಣೆದುರೇ ಕುಸಿದಿತ್ತು.

ವಿಷಯ ಇಷ್ಟೇ. ಸಿ-ಟೈಪ್ ತೂತಿನಲ್ಲಿ 24 ಸಂಪರ್ಕಗಳಿವೆ. ಫೋನಿನ ಜೊತೆ ಬರುವ ಬಹಳಷ್ಟು ಕೇಬಲ್‌ಗಳಲ್ಲಿ ಅಷ್ಟಕ್ಕೂ ತಂತಿ ಎಳೆದಿರುವುದಿಲ್ಲ. ಕರೆಂಟಿಗೆ ಬೇಕಾದ್ದು, ಹಳೇ ಯುಎಸ್‌ಬಿ ವೇಗದ ಡೇಟಾಗೆ ಎರಡು ತಂತಿ, ಅಲ್ಲಿಗೆ ಮುಗಿಯಿತು. ಚಿತ್ರ ಹೋಗುವುದು ಬೇರೆ ಜೋಡಿ ತಂತಿಗಳಲ್ಲಿ. ಅವೇ ಇಲ್ಲದಿದ್ದರೆ ಚಿತ್ರ ಎಲ್ಲಿಂದ ಹೋಗಬೇಕು? ಹೊರಗಿನಿಂದ ನೋಡಿದರೆ ಎರಡೂ ಕೇಬಲ್ ಒಂದೇ ಥರ. ತಂತಿ ಇದ್ದರೂ ಸಾಲದು, ಲ್ಯಾಪ್‌ಟಾಪಿನ ಆ ತೂತಿಗೆ ಚಿತ್ರ ಕಳಿಸುವ ವಿದ್ಯೆ ಗೊತ್ತಿರಬೇಕು. ಆಲ್ಟ್ ಮೋಡ್ ಅನ್ನುತ್ತಾರೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದು ತೂತಿಗೆ ಗೊತ್ತಿರುತ್ತದೆ, ಪಕ್ಕದ್ದಕ್ಕೆ ಗೊತ್ತಿರುವುದಿಲ್ಲ. ಗುರುತಿಗೆ ಡಿ ಮತ್ತು ಪಿ ಅಂಟಿಕೊಂಡ ಒಂದು ಚಿಹ್ನೆ ಹಾಕಿರುತ್ತಾರೆ. ಸಾಸಿವೆ ಕಾಳಿನಷ್ಟು. ಅಪ್ಪನ ಕನ್ನಡಕ, ನನ್ನ ಮೊಬೈಲ್ ಟಾರ್ಚ್, ಬಾಮೈದನ ಫೋನಿನ ಜೂಮ್ ಮೂರೂ ಸೇರಿ ಅದನ್ನು ಪತ್ತೆ ಹಚ್ಚಿದೆವು.

ಮತ್ತೆ ಅಂಗಡಿ. "ಚಿತ್ರ ಬರೋ ಸಿ ಕೇಬಲ್ ಕೊಡಿ" ಅಂದೆವು. "ಸಿ ಟು ಸಿ ಎಲ್ಲಾ ಒಂದೇ ಸಾರ್, ಇದು ನೂರು ವ್ಯಾಟ್!" ಅಂತ ದಪ್ಪ ಅಕ್ಷರದ ಪೆಟ್ಟಿಗೆ ಕೊಟ್ಟ. ನೂರು ವ್ಯಾಟಿಗೂ ಚಿತ್ರಕ್ಕೂ ಸಂಬಂಧವೇ ಇಲ್ಲ. ಅದಿಲ್ಲದಿದ್ದರೆ ಇದು ಅಂತ ಒಂದು ತುದಿ ಎಚ್‌ಡಿಎಂಐ, ಇನ್ನೊಂದು ತುದಿ ಡಿಸ್‌ಪ್ಲೇಪೋರ್ಟ್ ಇರುವ ಕೇಬಲ್ ತೆಗೆದ. ಅದನ್ನು ನನ್ನ ಹಳೇ ಲ್ಯಾಪ್‌ಟಾಪಿಗಾದರೂ ಆಗಲಿ ಅಂತ ತಂದೆವು. ಆಗಲಿಲ್ಲ. ಈ ಜಾತಿಯ ಕೇಬಲ್ ಬೋರ್ಡು ಹಾಕದ ಒನ್‌ವೇ ಇದ್ದ ಹಾಗೆ. ಕಂಪ್ಯೂಟರಿನ ಡಿಸ್‌ಪ್ಲೇಪೋರ್ಟಿನಿಂದ ಟಿವಿಯ ಎಚ್‌ಡಿಎಂಐಗೆ ಹೋಗುತ್ತದೆ, ಯಾಕೆಂದರೆ ಬಹಳಷ್ಟು ಡಿಸ್‌ಪ್ಲೇಪೋರ್ಟುಗಳಿಗೆ ಎಚ್‌ಡಿಎಂಐ ಭಾಷೆಯೂ ಬರುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಎಚ್‌ಡಿಎಂಐ ಮಾತ್ರ. ಅದಕ್ಕೆ ಡಿಸ್‌ಪ್ಲೇಪೋರ್ಟ್ ಭಾಷೆ ಬಾರದು. ಎಚ್‌ಡಿಎಂಐಯಿಂದ ಡಿಸ್‌ಪ್ಲೇಪೋರ್ಟಿಗೆ ಹೋಗಲು ನಡುವೆ ಚಿಪ್ ಇರುವ ಬೇರೆ ಪರಿವರ್ತಕವೇ ಬೇಕು. ಕೇಬಲ್ ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಬಿಲ್ಲಿನ ಕೆಳಗೆ ಬರೆದಿತ್ತು. ಅದೊಂದು ಅಕ್ಷರ ಮಾತ್ರ ಸ್ಪಷ್ಟವಾಗಿತ್ತು.

ಅಪ್ಪನಿಗೆ ಆ ಕೇಬಲ್ಲಿನ ಡಿಸ್‌ಪ್ಲೇಪೋರ್ಟ್ ತುದಿ ಇಷ್ಟವಾಯಿತು. ಒಂದು ಮೂಲೆ ಕತ್ತರಿಸಿದ ಮೂತಿ, ಮೇಲೆ ಎರಡು ಪುಟ್ಟ ಕೊಕ್ಕೆ. 2006ರಲ್ಲಿ ವೆಸಾ ಅನ್ನುವ ಒಕ್ಕೂಟ ತಂದದ್ದು. ಗುಂಡಿ ಒತ್ತದೆ ಎಳೆದರೆ ಬಿಡುವುದಿಲ್ಲ. ಅಪ್ಪ ಒತ್ತದೆ ಎಳೆದರು. ಕೇಬಲ್ ಬರಲಿಲ್ಲ, ಮಾನಿಟರ್ ಬಂತು. ಬಾಮೈದ ಹಾರಿ ಹಿಡಿದುಕೊಂಡ. "ಇದು ಪರವಾಗಿಲ್ಲ" ಅಂತ ಅಪ್ಪ ಸರ್ಟಿಫಿಕೇಟ್ ಕೊಟ್ಟರು.

ಕೊನೆಗೆ ಬಾಮೈದ 40 ಗಿಗಾಬಿಟ್ ಅಂತ ಬರೆದಿರುವ ಸಿ ಕೇಬಲ್ಲನ್ನು ಆನ್‌ಲೈನಿನಲ್ಲಿ ತರಿಸಿದ. ಒಂದು ಮೊಳ ಉದ್ದ, ಹಗ್ಗದಷ್ಟು ದಪ್ಪ, ಬೆಲೆ ಕೇಳಿ ಅಮ್ಮ ಮಂಡಕ್ಕಿ ಕಲಸುವುದನ್ನೇ ನಿಲ್ಲಿಸಿದರು. ಚುಚ್ಚಿದೆವು. ನೋ ಸಿಗ್ನಲ್. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮಾನಿಟರ್ ಇನ್ನೂ ಎಚ್‌ಡಿಎಂಐ ಕಡೆಗೇ ಕಾಯುತ್ತಾ ಕೂತಿತ್ತು! ಅದನ್ನು ಈ ಕಡೆ ತಿರುಗಿಸುವ ಗುಂಡಿಗಳು ಅಡಿಯಂಚಿನಲ್ಲಿ ಯಾರಿಗೂ ಕಾಣದ ಹಾಗಿವೆ. ಒಂದು ಕೈಯಲ್ಲಿ ಮಿರ್ಚಿ ಹಿಡಿದುಕೊಂಡೇ ಬಾಮೈದ ಇನ್ನೊಂದು ಕೈಯಲ್ಲಿ ತಡಕಿ ಒತ್ತಿದ. ಮೆನು ಬಂತು. ಮತ್ತೆ ಒತ್ತಿದ. ಮೆನು ರಷ್ಯನ್ ಭಾಷೆಗೆ ಹೋಯಿತು. ವಾಪಸ್ ತರೋಣ ಅಂದರೆ ಓದಲು ಬಾರದು, ಫೋಟೋ ತೆಗೆದು ಫೋನಿನಲ್ಲಿ ಅನುವಾದ ಮಾಡೋಣ ಅಂದರೆ ಮೆನು ಅಷ್ಟರಲ್ಲಿ ಮಾಯವಾಗುತ್ತದೆ. ಅಪ್ಪ ಗುಂಡಿ ಒತ್ತುವುದು, ನಾನು ಫೋಟೋ ತೆಗೆಯುವುದು, ಬಾಮೈದ ಓದಿ ಹೇಳುವುದು, ಹೀಗೆ ಪಾಳಿ ಮೇಲೆ ಕೆಲಸ ನಡೆದು ಚಿತ್ರ ಬಂತು. ಮೆನು ಇವತ್ತಿಗೂ ರಷ್ಯನ್ನಿನಲ್ಲೇ ಇದೆ. ಯಾರೂ ಮುಟ್ಟುವ ಧೈರ್ಯ ಮಾಡಿಲ್ಲ.

ಅಪ್ಪ ಆಮೇಲೆ ಬಿಳಿ ಪ್ಲಾಸ್ಟರ್ ತಂದು ಎರಡೂ ಕೇಬಲ್ಲಿಗೆ ಸುತ್ತಿ ಪೆನ್ನಿನಲ್ಲಿ ಬರೆದರು. ಬಿಳಿಯದಕ್ಕೆ "ಕರೆಂಟ್ ಮಾತ್ರ", ದಪ್ಪಗಿನದಕ್ಕೆ "ಕರೆಂಟ್ + ಚಿತ್ರ". ಇನ್ನು ಗೊಂದಲವಿಲ್ಲ ಅಂದುಕೊಂಡೆವು.

ಸೋಮವಾರ ಬೆಳಿಗ್ಗೆ ಬಾಮೈದನಿಗೆ ದೊಡ್ಡ ಮೀಟಿಂಗ್. ಎರಡು ನಿಮಿಷ ಇರುವಾಗ ನೋಡಿದರೆ ಮೇಜಿನ ಮೇಲೆ "ಕರೆಂಟ್ ಮಾತ್ರ" ಒಂದೇ ಬಿದ್ದಿದೆ. ಮಂಚದ ಕೆಳಗೆ, ಬ್ಯಾಗಿನೊಳಗೆ, ಸೋಫಾ ಸಂದಿಯಲ್ಲಿ ಎಲ್ಲ ಹುಡುಕಿದೆವು. ಅಡುಗೆಮನೆಯಲ್ಲಿ ಮಿಕ್ಸಿ ಪಕ್ಕ ಸಿಕ್ಕಿತು. ಸೆಕೆಂಡಿಗೆ 40 ಗಿಗಾಬಿಟ್ ಹೊರುವ ಕೇಬಲ್ ಅಮ್ಮನ ಫೋನನ್ನು ಚಾರ್ಜ್ ಮಾಡುತ್ತಿತ್ತು. ಫೋನಿನಲ್ಲಿ ಯಾರೋ ಕಾಯಿಹೋಳಿಗೆ ಮಾಡುತ್ತಿದ್ದರು.

"ಅತ್ತೆ, ಅದು ನನ್ನ ಮಾನಿಟರ್ದು!"

"ಇದ್ರ ಮೇಲೆ ಚಿತ್ರ ಅಂತ ಬರ್ದೈತಲ್ಲಪ್ಪ, ಅದಕ್ಕೇ ತಗೊಂಡೆ" ಅಂದರು ಅಮ್ಮ. "ಹೋಳಿಗೆ ವಿಡಿಯೋ ಮುಗೀಲಿ, ಕೊಡ್ತೀನಿ."