ಎಡಗಡೆ ದಪ್ಪವಾಗದ ಪುಸ್ತಕ

ಪಠ್ಯಪುಸ್ತಕದ ಮರೆಯಲ್ಲಿ ಕಾದಂಬರಿ ಓದುವುದು ಹೇಡಿಗಳ ಕೆಲಸವೆಂದು ಕೆಲವರು ಹೇಳುವುದುಂಟು. ಹಾಗೆ ಹೇಳುವವರು ಅದನ್ನು ಒಮ್ಮೆಯೂ ಮಾಡಿ ನೋಡಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಧೈರ್ಯ ಬೇಕು, ಏಕಾಗ್ರತೆ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಪುಸ್ತಕದ ಅಳತೆಗಳ ಜ್ಞಾನ ಬೇಕು. ಕಾದಂಬರಿಗಳು ಸಾಮಾನ್ಯವಾಗಿ ಡೆಮಿ 1/8 ಆಕಾರದವು; ಅಂದರೆ ಹೆಚ್ಚುಕಡಿಮೆ 5.5 ಅಂಗುಲ ಅಗಲ, 8.5 ಅಂಗುಲ ಎತ್ತರ. ನನ್ನ ಸಂಖ್ಯಾಶಾಸ್ತ್ರದ ಪಠ್ಯವಾದರೋ ಕ್ರೌನ್ 1/4, ಅಂದರೆ 7.5 ಅಂಗುಲ ಅಗಲ, ಸುಮಾರು 10 ಅಂಗುಲ ಎತ್ತರ. ಮೊದಲನೆಯದನ್ನು ಎರಡನೆಯದರ ಮಡಿಲಲ್ಲಿ ಮಲಗಿಸಿದರೆ ಮೇಲೆ ಕೆಳಗೆ ಮುಕ್ಕಾಲು ಅಂಗುಲವೂ ಹೊರಬದಿಗೆ ಪೂರ್ತಿ ಎರಡು ಅಂಗುಲವೂ ಜಾಗ ಉಳಿಯುತ್ತದೆ. ಪ್ರಪಂಚದಲ್ಲಿ ಇಷ್ಟು ಹೊಂದಾಣಿಕೆಯಿಂದ ಬಾಳುವ ಜೋಡಿಗಳು ಕಡಿಮೆ.

ಕಾಲೇಜಿನ ಎರಡನೆಯ ವರ್ಷದಲ್ಲಿ ಈ ಜೋಡಿಯ ಆಶ್ರಯದಲ್ಲಿ ನಾನು ಓದಿದ ಪುಸ್ತಕಗಳಿಗೆ ಲೆಕ್ಕವಿಲ್ಲ. ರಾತ್ರಿ ಹನ್ನೊಂದರವರೆಗೂ ಕ್ರೌನ್ 1/4 ಗಾತ್ರದ ಪುಸ್ತಕದೊಳಗೆ ಮುಖ ಹುದುಗಿಸಿ ಕುಳಿತಿರುತ್ತಿದ್ದ ನನ್ನನ್ನು ಕಂಡು ಅಮ್ಮ ಟಿವಿಯ ಧ್ವನಿ ತಗ್ಗಿಸುತ್ತಿದ್ದಳು, ಫೋನಿನಲ್ಲಿ ಮಾತಾಡುವವರಿಗೆಲ್ಲ ಪಿಸುದನಿಯಲ್ಲಿ ನನ್ನ ಶ್ರದ್ಧೆಯನ್ನು ವರ್ಣಿಸುತ್ತಿದ್ದಳು. ಆಗೆಲ್ಲ ನನಗೆ ಸ್ವಲ್ಪ ಪಾಪಪ್ರಜ್ಞೆ ಕಾಡುತ್ತಿದ್ದುದು ನಿಜ. ಆದರೆ ಕಾದಂಬರಿಯ ನಾಯಕಿ ಅದಕ್ಕಿಂತ ದೊಡ್ಡ ಪಾಪಪ್ರಜ್ಞೆಯಲ್ಲಿ ನರಳುತ್ತಿದ್ದುದರಿಂದ ನನ್ನದನ್ನು ಬದಿಗಿಡಬೇಕಾಗುತ್ತಿತ್ತು.

ಅಪ್ಪನದು ಬೇರೆಯೇ ರೀತಿ. ಅವನು ವೃತ್ತಿಯಲ್ಲಿ ಲೆಕ್ಕ ಪರಿಶೋಧಕ. ಸರಿಯಾಗಿ ಕಾಣುವ ಸಂಗತಿಗಳನ್ನು ಕಂಡರೆ ಅವನಿಗೆ ಸಹಜವಾಗಿಯೇ ಅನುಮಾನ. ಒಂದು ರಾತ್ರಿ ಪತ್ರಿಕೆ ಓದುತ್ತಾ ನನ್ನೆದುರಿಗೇ ಕುಳಿತಿದ್ದವನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಯಾವ ಕೋಪವೂ ಇಲ್ಲದೆ ಕೇಳಿದ: "ಒಂದು ಗಂಟೆಯಿಂದ ಹಾಳೆ ಮಗುಚುವ ಸದ್ದು ಕೇಳ್ತಾನೇ ಇದೆ. ಆದರೆ ನಿನ್ನ ಪುಸ್ತಕದ ಎಡಗಡೆ ಮಾತ್ರ ದಪ್ಪ ಆಗ್ತಾನೇ ಇಲ್ಲವಲ್ಲ, ಯಾಕೆ?"

ಇಂಥ ಪ್ರಶ್ನೆಗೆ ಯಾವ ಶಾಸ್ತ್ರದಲ್ಲಿಯೂ ಉತ್ತರವಿಲ್ಲ. ನಾನು ಹಿಂದಿನ ಪಾಠವನ್ನು ಮತ್ತೆ ಮತ್ತೆ ತಿರುವಿ ನೋಡುತ್ತಿದ್ದೇನೆಂದು ಏನೋ ತೊದಲಿದೆ. ಅಪ್ಪ "ಓಹೋ" ಎಂದು ಪತ್ರಿಕೆಯನ್ನು ಮತ್ತೆ ಮುಖದೆದುರಿಗೆ ಹಿಡಿದ. ಆ "ಓಹೋ"ದಲ್ಲಿ ಲೆಕ್ಕ ಮುಗಿದಿರಲಿಲ್ಲ, ಮುಂದಿನ ಸಾಲಿಗೆ ಒಯ್ಯಲಾಗಿತ್ತು ಎಂಬುದು ನನಗೆ ಗೊತ್ತಿತ್ತು. ಮರುದಿನದಿಂದ ನಾನು ಕಾದಂಬರಿಯ ಪ್ರತಿ ಹತ್ತು ಪುಟಕ್ಕೆ ಪಠ್ಯದ ಐದು ಹಾಳೆಗಳನ್ನು ಎಡಕ್ಕೆ ದಾಟಿಸುವ ಶಿಸ್ತನ್ನು ರೂಢಿಸಿಕೊಂಡೆ. ಹೀಗಾಗಿ ಆ ತಿಂಗಳು ಸಂಖ್ಯಾಶಾಸ್ತ್ರದ ಇಡೀ ಗ್ರಂಥವನ್ನು ನಾನು ಒಂದಕ್ಷರ ಓದದೆ ಎರಡು ಬಾರಿ ಮುಗಿಸಿದೆ.

ಮನೆಯಲ್ಲಿ ಬಚಾವಾದದ್ದು ತರಗತಿಯಲ್ಲಿ ಸಾಧ್ಯವಾಗಲಿಲ್ಲ. ಅಳುವನ್ನು ನೆಗಡಿಯೆಂದು ಹೇಳಿ ಸಾಗಿಸಬಹುದು, ಬೆಚ್ಚಿಬಿದ್ದರೆ ನೊಣವೆಂದು ಹೇಳಬಹುದು. ನಗುವಿಗೆ ಮಾತ್ರ ಮದ್ದಿಲ್ಲ. ಕರಿಹಲಗೆಯ ಮೇಲೆ ಮಾನಕ ವಿಚಲನೆಯ ಸೂತ್ರ ಅರ್ಧ ಮೂಡಿದ್ದ ಹೊತ್ತಿನಲ್ಲಿ, ನನ್ನ ಡೆಮಿ 1/8ರೊಳಗೆ ಒಬ್ಬ ಭಾವಿ ಅಳಿಯ ಹೆಣ್ಣಿನ ಮನೆಯೆಂದು ತಿಳಿದು ಪಕ್ಕದ ಮನೆಗೆ ಹೋಗಿ ಒಂದು ಗಂಟೆ ಉಪಚಾರ ಮಾಡಿಸಿಕೊಂಡು, ಹೊರಡುವಾಗ ವರದಕ್ಷಿಣೆ ಬೇಡವೆಂದು ಉದಾರವಾಗಿ ಘೋಷಿಸಿಬಿಟ್ಟ. ನಾನು ನಕ್ಕದ್ದು ಬಾಗಿಲಿನಾಚೆಗೂ ಕೇಳಿಸಿತಂತೆ. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, ಕೈಯ ಧೂಳು ಕೊಡವಿಕೊಂಡು, ನಿಜವಾದ ಕುತೂಹಲದಿಂದಲೇ ಕೇಳಿದರು: "ಇಪ್ಪತ್ತು ವರ್ಷದಿಂದ ಸಂಖ್ಯಾಶಾಸ್ತ್ರ ಹೇಳಿಕೊಡ್ತಿದ್ದೇನೆ. ಇದರಲ್ಲಿ ನಗುವಂಥದ್ದು ಏನಿದೆ ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ಸ್ವಲ್ಪ ಹೇಳಪ್ಪ." ಉಳಿದ ಅವಧಿಯನ್ನು ನಾನು ನಿಂತೇ ಕಳೆದೆ. ನಿಂತು ಓದುವುದಕ್ಕೆ ಬೆಳಕು ಇನ್ನೂ ಚೆನ್ನಾಗಿರುತ್ತದೆ ಎಂಬುದು ಗೊತ್ತಾದದ್ದು ಆಗಲೇ.

ಓದಿನ ಹುಚ್ಚಿರುವವರಿಗೆ ಕೈಯಲ್ಲಿ ಹಣವಿರುವುದಿಲ್ಲವೆಂಬುದು ಎಲ್ಲೆಡೆಯ ನಿಯಮವಾದ್ದರಿಂದ ನಾನು ಕೊಳ್ಳುತ್ತಿದ್ದುದೆಲ್ಲ ಹಳೆಯ ಪುಸ್ತಕಗಳೇ. ಹಾಗೆ ಕೊಂಡ ಒಂದು ಪತ್ತೇದಾರಿ ಕಾದಂಬರಿ ನನ್ನ ವಿಮರ್ಶಕ ವೃತ್ತಿಗೆ ಪೂರ್ಣವಿರಾಮ ಹಾಕಿತು. 224 ಪುಟಗಳ ಪುಸ್ತಕ ಅದು. 190ನೆಯ ಪುಟದಲ್ಲಿ ಮುದುಕ ಜಮೀನ್ದಾರ ಕುರ್ಚಿಯಲ್ಲಿ ಕುಳಿತಂತೆಯೇ ಸತ್ತ. 208ರಲ್ಲಿ ಪತ್ತೇದಾರ ಎಲ್ಲರನ್ನೂ ಹಜಾರಕ್ಕೆ ಕರೆಸಿ ಬಾಗಿಲು ಹಾಕಿದ. ನಾನು ಉಸಿರು ಬಿಗಿಹಿಡಿದು ಎದುರು ಪುಟಕ್ಕೆ ಕಣ್ಣು ಹಾಯಿಸಿದರೆ ಆ ಮುದುಕನೇ ಎದ್ದು ಬಂದು ತನ್ನ ಊರುಗೋಲು ಎಲ್ಲಿ ಎಂದು ಕೇಳುತ್ತಿದ್ದಾನೆ! ಮೈ ಜುಮ್ಮೆಂದಿತು. ಕಾಲವನ್ನು ಹಿಂದಕ್ಕೆ ತಿರುಗಿಸಿ, ಸತ್ತವನ ಕಣ್ಣಿನಿಂದಲೇ ಕೊಲೆಯನ್ನು ಮತ್ತೊಮ್ಮೆ ತೋರಿಸುವ ಆ ಧೀರ ತಂತ್ರಕ್ಕೆ ನಾನು ಮಾರುಹೋದೆ. ಪುಸ್ತಕ ಮತ್ತೆ ಆತನ ಸಾವಿನೊಂದಿಗೆ, ಕೊಲೆಗಾರನ ಹೆಸರನ್ನೇ ಹೇಳದೆ ಮುಗಿದದ್ದಂತೂ ಶಿಖರಪ್ರಾಯವೆನಿಸಿತು. ಗೆಳೆಯರ ಓದುಕೂಟದಲ್ಲಿ ಇಪ್ಪತ್ತು ನಿಮಿಷ ಮಾತನಾಡಿದೆ. "ಸಾವು ಇಲ್ಲಿ ಒಂದು ಘಟನೆಯಲ್ಲ, ಒಂದು ವರ್ತುಲ" ಎಂಬ ನನ್ನ ವಾಕ್ಯವನ್ನು ಇಬ್ಬರು ಬರೆದುಕೊಂಡರು.

ಮೂರನೆಯವಳು ಪುಸ್ತಕವನ್ನು ಕೈಗೆ ತೆಗೆದುಕೊಂಡು ಪುಟಸಂಖ್ಯೆ ನೋಡಿದಳು. 208ರ ನಂತರ 177 ಇತ್ತು. ಅವಳ ಮನೆಯವರದು ಮುದ್ರಣಾಲಯ. ಅವಳಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಪುಸ್ತಕವನ್ನು ಪುಟಪುಟವಾಗಿ ಅಚ್ಚು ಹಾಕುವುದಿಲ್ಲ, ಹದಿನಾರು ಪುಟಗಳ ಒಂದೊಂದು ಫಾರಂ ಆಗಿ ಅಚ್ಚು ಹಾಕಿ ಮಡಿಚುತ್ತಾರೆ. 177ರಿಂದ 192ರವರೆಗಿನದು ಹನ್ನೆರಡನೆಯ ಫಾರಂ, 209ರಿಂದ 224ರದು ಹದಿನಾಲ್ಕನೆಯದು. ಬೈಂಡಿಂಗ್ ಮಾಡುವವನು ಕೊನೆಗೆ ಹದಿನಾಲ್ಕರ ಬದಲು ಹನ್ನೆರಡನ್ನೇ ಇನ್ನೊಮ್ಮೆ ಸೇರಿಸಿ ಹೊಲಿದಿದ್ದ. ಇಂಥದ್ದು ಆಗಬಾರದೆಂದೇ ಪ್ರತಿ ಫಾರಂನ ಬೆನ್ನಿನ ಮಡಿಕೆಯ ಮೇಲೆ ಒಂದು ಕಪ್ಪು ಗುರುತನ್ನು ಸ್ವಲ್ಪ ಸ್ವಲ್ಪ ಕೆಳಗಿಳಿಸುತ್ತಾ ಮುದ್ರಿಸುವ ಪದ್ಧತಿಯಿದೆಯಂತೆ. ಫಾರಂಗಳನ್ನು ಜೋಡಿಸಿ ನಿಲ್ಲಿಸಿದಾಗ ಆ ಗುರುತುಗಳು ಮೆಟ್ಟಿಲಿನಂತೆ ಕಂಡರೆ ಎಲ್ಲವೂ ಸರಿ, ಮೆಟ್ಟಿಲು ತಪ್ಪಿದರೆ ಫಾರಂ ತಪ್ಪಿದೆ. ನನ್ನ ವರ್ತುಲ ಹುಟ್ಟಿದ್ದು ಒಂದು ಮೆಟ್ಟಿಲು ತಪ್ಪಿದ್ದರಿಂದ. ಎರಡೂ ಬಾರಿ 181ನೆಯ ಪುಟದಲ್ಲಿ "ಜಮೀನ್ದಾರ" ಎಂಬುದು "ಜಮೀದ್ನಾರ" ಎಂದೇ ಅಚ್ಚಾಗಿತ್ತು. ಅದನ್ನು ಕೂಡ ನಾನು ಭಾಷಣದಲ್ಲಿ "ಅಸ್ಮಿತೆಯ ಒಡಕು" ಎಂದು ವ್ಯಾಖ್ಯಾನಿಸಿದ್ದೆ. ಬರೆದುಕೊಂಡಿದ್ದ ಇಬ್ಬರೂ ಆ ಹಾಳೆಗಳನ್ನು ಹರಿದು ಹಾಕಿದರು. ಕೊಲೆಗಾರ ಯಾರೆಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಇನ್ನು ಕಾಲೇಜಿನ ಗ್ರಂಥಾಲಯದ ವಿಚಾರ. ಅಲ್ಲಿ ಒಂದು ಬಾರಿಗೆ ಎರಡೇ ಪುಸ್ತಕ ಕೊಡುತ್ತಿದ್ದರು, ಮೂರನೆಯದು ಕಣ್ಣಿಗೆ ಬಿದ್ದರೆ ಅದನ್ನು ಬೇರೆಯವರ ಕೈಗೆ ಸಿಗದಂತೆ ಕಾಪಾಡಿಕೊಳ್ಳುವ ಹೊಣೆ ಓದುಗನದೇ. ಗ್ರಂಥಾಲಯಗಳಲ್ಲಿ ಪುಸ್ತಕಗಳಿಗೆ ಸಂಖ್ಯೆ ಹಚ್ಚುವ ದಶಮಾಂಶ ಪದ್ಧತಿಯನ್ನು ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ್ದು ಬೇಕಾದ ಪುಸ್ತಕ ಥಟ್ಟನೆ ಸಿಗಲೆಂದು. ಬೇಕಾದ ಪುಸ್ತಕ ಬೇರೆಯವರಿಗೆ ಸಿಗದಿರಲೆಂದು ಅದೇ ಪದ್ಧತಿಯನ್ನು ಬಳಸಬಹುದೆಂಬುದು ಆತನಿಗೆ ಹೊಳೆದಿತ್ತೋ ಇಲ್ಲವೋ. ಸಾಹಿತ್ಯವೆಲ್ಲ 800ರ ಸಾಲಿನಲ್ಲಿ. ಸಂಖ್ಯಾಶಾಸ್ತ್ರ 519.5. ಎರಡರ ನಡುವೆ ವೈದ್ಯ, ಕೃಷಿ, ಸಂಗೀತ, ಕ್ರೀಡೆ ಎಲ್ಲವೂ ಅಡ್ಡ ಮಲಗಿವೆ. 519.5ರ ಕಪಾಟು ಕಿಟಕಿಯಿಲ್ಲದ ಮೂಲೆಯಲ್ಲಿತ್ತು, ಅಲ್ಲಿನ ಪುಸ್ತಕಗಳ ಡ್ಯೂ ಡೇಟ್ ಚೀಟಿಗಳು ಮದುವೆಯ ದಿನದ ಸೀರೆಯಂತೆ ಮಡಿಕೆ ಕೂಡ ಮುರಿಯದೆ ಉಳಿದಿದ್ದವು. ನನ್ನ ಕಾದಂಬರಿಯನ್ನು ಆ ಸಾಲಿನ ಹಿಂದೆ ಬಚ್ಚಿಡಲು ಕೈ ಚಾಚಿದರೆ ಅಲ್ಲಿ ಜಾಗವೇ ಇಲ್ಲ! ಆಗಲೇ ಮೂರು ಕಾದಂಬರಿಗಳು, ಒಂದು ಕಥಾಸಂಕಲನ, ಒಂದು ಹರಟೆಯ ಪುಸ್ತಕ ಬೆನ್ನು ಗೋಡೆಗೆ ಕೊಟ್ಟು ಉಸಿರಾಡದೆ ಕುಳಿತಿದ್ದವು.

ಯಾರವೆಂದು ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಆದರೆ ಆ ಮೂಲೆಯಲ್ಲಿ ಒಂದು ಮಾತಿಲ್ಲದ ವಹಿವಾಟು ಶುರುವಾಯಿತು. ನಾನು ಒಂದನ್ನಿಟ್ಟು ಇನ್ನೊಂದನ್ನು ಒಯ್ಯುತ್ತಿದ್ದೆ. ನಾನಿಟ್ಟದ್ದು ಎರಡು ದಿನದಲ್ಲಿ ಮಾಯವಾಗಿ ಮತ್ತೊಂದು ಬಂದು ಕೂರುತ್ತಿತ್ತು. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು 1931ರಲ್ಲಿ ಕೊಟ್ಟ ಎಸ್. ಆರ್. ರಂಗನಾಥನ್ ಅವರು "ಪ್ರತಿ ಪುಸ್ತಕಕ್ಕೂ ಅದರ ಓದುಗ" ಎಂದು ಮೂರನೆಯ ಸೂತ್ರದಲ್ಲಿ ಹೇಳಿದ್ದನ್ನು ನಾವು ಕತ್ತಲೆಯ ಮೂಲೆಯಲ್ಲಿ ಸಾಧಿಸುತ್ತಿದ್ದೆವು. "ಓದುಗನ ಸಮಯ ಉಳಿಸಿ" ಎಂಬ ನಾಲ್ಕನೆಯದನ್ನು ಮಾತ್ರ, ಬಹಿರಂಗವಾಗಿ ಹುಡುಕುವ ಓದುಗರ ಮಟ್ಟಿಗೆ, ಪೂರ್ತಿ ಮುರಿದಿದ್ದೆವು. ಗ್ರಂಥಪಾಲಕರಾಗುವ ಮೊದಲು ರಂಗನಾಥನ್ ಗಣಿತದ ಮೇಷ್ಟ್ರಾಗಿದ್ದವರು. ಆ ಕಪಾಟನ್ನು ಕಂಡಿದ್ದರೆ ಎರಡು ಪಟ್ಟು ನೊಂದುಕೊಳ್ಳುತ್ತಿದ್ದರು.

ನಮ್ಮ ಗ್ರಂಥಪಾಲಕರು ನೊಂದುಕೊಳ್ಳಲಿಲ್ಲ, ಸಂತೋಷಪಟ್ಟರು. ಅದೇ ಅನಾಹುತಕ್ಕೆ ಕಾರಣವಾಯಿತು. ವರ್ಷಗಟ್ಟಲೆ ಯಾರೂ ಕಾಲಿಡದಿದ್ದ 519.5ರ ಮೂಲೆಗೆ ಇದ್ದಕ್ಕಿದ್ದಂತೆ ಹುಡುಗರು ಹುಡುಗಿಯರು ದಿನವಿಡೀ ಎಡತಾಕುವುದನ್ನು ತಮ್ಮ ಮೇಜಿನಿಂದಲೇ ಗಮನಿಸಿದ ಅವರು, ಆ ವಿಷಯದಲ್ಲಿ ಮಕ್ಕಳಿಗೆ ಇಷ್ಟೊಂದು ಆಸಕ್ತಿ ಮೂಡಿರುವುದನ್ನು ಮೇಲಿನವರಿಗೆ ವರದಿ ಮಾಡಿ, ಆ ವರ್ಷ ಕಾದಂಬರಿಗಳಿಗೆಂದು ಮೀಸಲಿದ್ದ ಹಣವನ್ನೂ ಸೇರಿಸಿ ಸಂಖ್ಯಾಶಾಸ್ತ್ರದ ನಲವತ್ತು ಹೊಸ ಗ್ರಂಥಗಳನ್ನು ತರಿಸಿದರು. ಎಲ್ಲವೂ ದಪ್ಪನೆಯವು. ಅವುಗಳನ್ನು ಜೋಡಿಸಿದ ಮೇಲೆ ಸಾಲಿನ ಹಿಂದೆ ಬೆರಳು ತೂರಿಸಲೂ ಜಾಗ ಉಳಿಯಲಿಲ್ಲ. "ನೀವೆಲ್ಲ ಓದ್ತೀರಿ ಅಂತಲೇ ತರಿಸಿದ್ದು" ಎಂದು ಅವರು ನನ್ನನ್ನು ಕರೆದು ಮೊದಲ ಪ್ರತಿಯನ್ನು ಕೈಗಿತ್ತಾಗ ನಾನು ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕಾಯಿತು. ಭಾರ ಹಾಗಿತ್ತು.

ಇವೆಲ್ಲ ಸಹಿಸಬಹುದಾದ ಕಷ್ಟಗಳು. ಸಹಿಸಲಾಗದ್ದು ಸಂಭವಿಸಿದ್ದು ಮೂರನೆಯ ವರ್ಷದಲ್ಲಿ: ನಾನು ನಾಲ್ಕು ಬಾರಿ ಕದ್ದು ಓದಿದ್ದ, ಬೆನ್ನಿನ ಅಂಟು ಬಿಟ್ಟುಹೋಗುವಷ್ಟು ಪ್ರೀತಿಸಿದ್ದ ಕಾದಂಬರಿಯನ್ನು ಭಾಷಾ ಪಠ್ಯವಾಗಿ ನಿಗದಿಪಡಿಸಿದರು. ಮೊದಲ ದಿನ ನಾನು ಕುಣಿದಾಡಿದ್ದು ಹೌದು. ಎರಡನೆಯ ದಿನ ಅಧ್ಯಾಪಕಿ, ಅಜ್ಜಿ ಮಳೆಯಲ್ಲಿ ನೆನೆಯುತ್ತಾ ಬಾಗಿಲು ತಟ್ಟುವ ಸನ್ನಿವೇಶದ ಪಕ್ಕದಲ್ಲಿ "ಮುಖ್ಯ, 5 ಅಂಕ" ಎಂದು ಬರೆದುಕೊಳ್ಳಲು ಹೇಳಿದರು. ನಾನು ಬರೆದುಕೊಂಡೆ. ಅಂದಿನಿಂದ ಆ ಅಜ್ಜಿ ಎಷ್ಟು ನೆನೆದರೂ ನನಗೆ ಕಣ್ಣೀರು ಬರಲಿಲ್ಲ. ಮಳೆ ಬಂದರೆ ಐದು ಅಂಕ ಎಂದಷ್ಟೇ ತೋರುತ್ತಿತ್ತು. ಕಿರುಪರೀಕ್ಷೆಯಲ್ಲಿ ಅದೇ ಅಜ್ಜಿಯ ಮೇಲೆ ಟಿಪ್ಪಣಿ ಕೇಳಿದಾಗ ಹಳೆಯ ಸ್ನೇಹಕ್ಕೆ ಮೋಸವಾಗಬಾರದೆಂದು ಏಳು ಪುಟ ಬರೆದೆ, ಉಳಿದ ಎರಡು ಪ್ರಶ್ನೆಗಳಿಗೆ ಸಮಯವೇ ಸಾಲಲಿಲ್ಲ. "ವಿಷಯಾಂತರವಾಗಿದೆ" ಎಂಬ ಷರಾದೊಂದಿಗೆ 5ಕ್ಕೆ 2 ಬಂತು. ಕಾದಂಬರಿಯ ಮುಖವನ್ನೇ ನೋಡದೆ ಗೈಡು ಓದಿದ್ದ ನನ್ನ ಪಕ್ಕದವನಿಗೆ 4.

ವರ್ಷದ ಕೊನೆಗೆ ಸಂಖ್ಯಾಶಾಸ್ತ್ರದ ಪರೀಕ್ಷೆ ಮೊದಲು ಮುಗಿಯಿತು, ಭಾಷೆಯದು ಎರಡು ದಿನ ಬಿಟ್ಟು. ಆ ಹಿಂದಿನ ರಾತ್ರಿ ಕಾದಂಬರಿಯನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡು ಕುಳಿತೆ. ಓದಲೇಬೇಕಾಗಿತ್ತು, ಹಾಗಾಗಿಯೇ ಒಂದು ಸಾಲೂ ಒಳಗಿಳಿಯಲಿಲ್ಲ. ಪಕ್ಕದಲ್ಲಿ ಸಂಖ್ಯಾಶಾಸ್ತ್ರದ ಪಠ್ಯ ನಿರುದ್ಯೋಗಿಯಾಗಿ ಬಿದ್ದಿತ್ತು. ಅದರ ಕೊನೆಯಲ್ಲಿ "ಇದು ಪರೀಕ್ಷೆಗೆ ಬರೋದಿಲ್ಲ, ಬಿಡಿ" ಎಂದು ಮೇಷ್ಟ್ರು ಹಾರಿಸಿದ್ದ ಒಂದು ಅಧ್ಯಾಯವಿತ್ತು. ಸುಮ್ಮನೆ ನೋಡೋಣವೆಂದು ತೆರೆದೆ. ವಿಲಿಯಂ ಗಾಸೆಟ್ ಎಂಬಾತ ಬಿಯರ್ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದನಂತೆ. ನೌಕರರು ತಮ್ಮ ಹೆಸರಿನಲ್ಲಿ ಸಂಶೋಧನೆ ಪ್ರಕಟಿಸಲು ಅಲ್ಲಿ ಅನುಮತಿ ಇರಲಿಲ್ಲವಾದ್ದರಿಂದ 1908ರಲ್ಲಿ ತನ್ನ ಲೇಖನವನ್ನು "ಸ್ಟೂಡೆಂಟ್" ಎಂಬ ಹೆಸರಿನ ಮರೆಯಲ್ಲಿ ಅಚ್ಚುಮಾಡಿಸಿದನಂತೆ. ನಾವು ಬಾಯಿಪಾಠ ಮಾಡಿದ್ದ ಸ್ಟೂಡೆಂಟ್ ಟಿ-ಪರೀಕ್ಷೆಯ ವಿದ್ಯಾರ್ಥಿ ಅವನೇ. ಇವನೂ ನಮ್ಮ 519.5ರ ಮೂಲೆಯವನೇ ಎನಿಸಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಮುಂದೆ ಹೋದರೆ ಪ್ರಷ್ಯಾದ ಅಶ್ವದಳ. 1898ರಲ್ಲಿ ಬೋರ್ಟ್‌ಕೀವಿಚ್ ಎಂಬ ಗಂಭೀರ ವಿದ್ವಾಂಸ, ಕುದುರೆಯ ಒದೆ ತಿಂದು ಸತ್ತ ಸೈನಿಕರನ್ನು ಎಣಿಸಿ ಕೂತಿದ್ದಾನೆ! ಹತ್ತು ದಳ, ಇಪ್ಪತ್ತು ವರ್ಷ, ಒಟ್ಟು 122 ಮಂದಿ; ಯಾವ ವರ್ಷ ಯಾವ ದಳದಲ್ಲಿ ಎಷ್ಟು ಜನ ಒದೆಸಿಕೊಳ್ಳುತ್ತಾರೆಂಬುದು ಅಪರೂಪದ ಘಟನೆಗಳ ಎಣಿಕೆಗೆಂದೇ ಇರುವ ಪಾಯ್ಸಾನ್ ಸೂತ್ರಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ. ಕುದುರೆಗಳಿಗೆ ಮಾತ್ರ ಈ ಸಂಗತಿ ತಿಳಿಸಿರಲಿಲ್ಲ.

ನಾನು ಜೋರಾಗಿ ನಕ್ಕುಬಿಟ್ಟೆ.

ಹಜಾರದಲ್ಲಿ ಪತ್ರಿಕೆ ಮಡಿಚುವ ಸದ್ದಾಯಿತು. ಹಳೆಯ ಅಭ್ಯಾಸಬಲದಿಂದ ಪಠ್ಯವನ್ನು ಕಾದಂಬರಿಯೊಳಗೆ ತುರುಕಿ ಹಿಡಿದುಕೊಂಡೆ. ಕ್ರೌನ್ 1/4 ಡೆಮಿ 1/8ರೊಳಗೆ ಹಿಡಿಸುವುದಿಲ್ಲ. ಮೇಲೆ ಕೆಳಗೆ ಮುಕ್ಕಾಲು ಅಂಗುಲ, ಎರಡೂ ಬದಿಗೆ ಎರಡೆರಡು ಅಂಗುಲ ಸಂಖ್ಯಾಶಾಸ್ತ್ರ ಹೊರಕ್ಕೆ ಚಾಚಿಕೊಂಡಿತ್ತು. ಅಪ್ಪ ಬಾಗಿಲಲ್ಲಿ ನಿಂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಬಹಳ ಹೊತ್ತು ನೋಡಿದ.

"ಆ ಪರೀಕ್ಷೆ ಮೊನ್ನೆಯೇ ಮುಗೀತಲ್ಲ?"

"ಹೂಂ."

"ಅದೇ ಅಂದ್ಕೊಂಡೆ," ಎಂದು ಅವನು ಹೊರಡಲು ತಿರುಗಿದ. "ಇವತ್ತು ಎಡಗಡೆ ದಪ್ಪ ಆಗ್ತಾ ಇದೆ."