ನೋಡುವಂಥ ಜಾಗ

ಬೇಸಿಗೆ ರಜೆ ಶುರುವಾದ ಕೂಡಲೇ ನಮ್ಮ ಮನೆಯಲ್ಲಿ ಒಂದು ಪಟ್ಟಿ ತಯಾರಾಗುತ್ತದೆ. ಎಡಗಡೆ ನೆಂಟರ ಮನೆಗಳು, ಬಲಗಡೆ ನೋಡುವಂಥ ಜಾಗಗಳು. ಎಡಗಡೆಯದನ್ನು ನನ್ನ ಹೆಂಡತಿ ಬರೆಯುತ್ತಾಳೆ, ಬಲಗಡೆಯದನ್ನು ನಾನು. ಮಕ್ಕಳನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಮನೆಯಲ್ಲೇ ಇರೋಣ ಅನ್ನುತ್ತಾರೆ, ಅದಕ್ಕೇ.

ಈ ಸಲ ನಾಲ್ಕು ದಿನಕ್ಕೆ ಮೂರು ಮನೆ, ಐದು ಜಾಗ. ಹಾಳೆಯ ಮೇಲೆ ಎಲ್ಲವೂ ಸರಿಯಾಗಿ ಕೂಡಿತ್ತು. ಹಾಳೆಯ ಮೇಲೆ ಯಾರಿಗೂ ವಾಂತಿ ಬರುವುದಿಲ್ಲವಲ್ಲ.

ಮಗಳಿಗೆ ಐದು ವರ್ಷ. 2ರಿಂದ 12 ವರ್ಷದ ಮಕ್ಕಳಿಗೇ ಈ ಕಾಟ ಜಾಸ್ತಿಯಂತೆ. ಕಾರಿನಲ್ಲಿ ತಲೆ ಬಗ್ಗಿಸಿ ಮೊಬೈಲ್ ನೋಡುತ್ತಿದ್ದರೆ ಕಣ್ಣು ‘ನಾವು ಕೂತಲ್ಲೇ ಇದ್ದೇವೆ’ ಅನ್ನುತ್ತದೆ. ಒಳಕಿವಿ ಮಾತ್ರ ‘ಇಲ್ಲ, ಓಡುತ್ತಿದ್ದೇವೆ, ಈಗ ತಿರುವು ಬಂತು’ ಅಂತ ಹಟ ಹಿಡಿಯುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ ಈ ಜಗಳದಲ್ಲಿ ಹೊಟ್ಟೆ ಕೆಡುತ್ತದೆ. ಅರ್ಧ ಗಂಟೆಯೊಳಗೆ ಒಂದು ಪ್ಲಾಸ್ಟಿಕ್ ಕವರ್ ಖರ್ಚಾಯಿತು. ಕವರ್ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ನನ್ನ ಒಂದು ಟವೆಲ್ಲೂ ಖರ್ಚಾಯಿತು. ಮೊಬೈಲ್ ಕಿತ್ತು ಒಳಗಿಟ್ಟು, ‘ಹೊರಗೆ ನೋಡು, ದೂರಕ್ಕೆ ನೋಡು’ ಅಂದೆ. ಅವಳು ನೋಡಲು ಶುರು ಮಾಡಿದಳು. ನನ್ನ ಪಟ್ಟಿ ಕೆಟ್ಟದ್ದು ಅಲ್ಲಿಂದ.

‘ಅಪ್ಪಾ, ರಸ್ತೆ ತುಂಬ ನೀರು!’

ನಡುಮಧ್ಯಾಹ್ನ. ಮುಂದೆ ಟಾರು ರಸ್ತೆ ನಿಜಕ್ಕೂ ಒದ್ದೆಯಾದಂತೆ ಹೊಳೆಯುತ್ತಿತ್ತು. ಹತ್ತಿರ ಹೋದಷ್ಟೂ ಆ ನೀರು ಮುಂದಕ್ಕೆ ಹೋಗುತ್ತಿತ್ತು. ನಾನು ಮೇಷ್ಟರಾದೆ. ಕಾದ ರಸ್ತೆಗೆ ಅಂಟಿಕೊಂಡ ಗಾಳಿ ಅದರ ಮೇಲಿನ ಗಾಳಿಗಿಂತ ಬಿಸಿ ಇರುತ್ತದೆ. ಆಕಾಶದ ಬೆಳಕು ಅಲ್ಲಿ ಬಾಗಿ ನಮ್ಮ ಕಣ್ಣಿಗೆ ಬರುತ್ತದೆ. ನೀನು ನೋಡುತ್ತಿರುವುದು ನೀರಲ್ಲ, ರಸ್ತೆ ಮೇಲೆ ಬಿದ್ದ ಆಕಾಶ. ಇದಕ್ಕೆ ಬಿಸಿಲ್ಗುದುರೆ ಅಂತಾರೆ.

‘ಕುದುರೆ ಎಲ್ಲಿ?’

ಮುಂದಿನ ಒಂದು ಗಂಟೆ ಅಣ್ಣ ತಂಗಿ ಇಬ್ಬರೂ ಸೇರಿ ಆ ಕುದುರೆಯನ್ನು ಹುಡುಕಿದರು. ನಡುವೆ ನಾನು ತೋರಿಸಬೇಕೆಂದಿದ್ದ ಕೆರೆ ಬಂತು, ಹೋಯಿತು. ನಿಜವಾದ ನೀರು. ಯಾರೂ ತಿರುಗಿ ನೋಡಲಿಲ್ಲ.

ಕುದುರೆ ಸಿಗದೆ ಬೇಜಾರಾದವರಿಗೆ ಕುದುರೆಯೇ ಇಲ್ಲದ ಗಾಡಿಯ ಕಥೆ ಹೇಳಿದೆ. 1888ರ ಆಗಸ್ಟ್. ಜರ್ಮನಿಯ ಮಾನ್‌ಹೈಮ್ ಊರಿನ ಬರ್ತಾ ಬೆಂಜ್, ಗಂಡ ಕಾರ್ಲ್ ಬೆಂಜ್ ಕಟ್ಟಿದ ಮೂರು ಚಕ್ರದ ಮೋಟಾರು ಗಾಡಿಯನ್ನು ಅವನಿಗೆ ಹೇಳದೆ ಹೊರಗೆ ತೆಗೆದಳು. ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ನೂರು ಕಿಲೋಮೀಟರಿಗೂ ಜಾಸ್ತಿ ದೂರದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ಅಲ್ಲಿ ಅವಳ ತವರು. ದಾರಿಯಲ್ಲಿ ಇಂಧನದ ನಳಿಗೆ ಕಟ್ಟಿಕೊಂಡಿತು. ಟೋಪಿಯ ಪಿನ್ನಿನಿಂದ ಬಿಡಿಸಿದಳು. ಇಂಧನ ಮುಗಿಯುತ್ತ ಬಂತು. ಆಗ ಪೆಟ್ರೋಲ್ ಬಂಕ್ ಎಲ್ಲಿಂದ ಬರಬೇಕು? ಔಷಧಿ ಅಂಗಡಿಗೆ ಹೋಗಿ, ಕಲೆ ತೆಗೆಯಲು ಮಾರುತ್ತಿದ್ದ ಎಣ್ಣೆಯನ್ನೇ ಕೊಂಡು ಹಾಕಿದಳು. ಏರು ಬಂದಾಗ ಮಕ್ಕಳು ಇಳಿದು ತಳ್ಳಿದರು. ಮೋಟಾರು ಗಾಡಿಯಲ್ಲಿ ಮೊದಲ ಸಲ ಅಷ್ಟು ದೂರ ಹೋದವರು ಅವರೇ. ಹೋದದ್ದು ಅಜ್ಜಿ ಮನೆಗೆ.

‘ನೋಡಿದ್ರಾ? ಎಡಗಡೆ ಪಟ್ಟಿ’ ಅಂದಳು ನನ್ನ ಹೆಂಡತಿ.

‘ಮಕ್ಕಳೇ ತಳ್ಳಿದ್ರಾ?’ ಅಂದ ಮಗ. ಮುಂದೆ ಕಾಣುತ್ತಿದ್ದ ಏರನ್ನು ಅನುಮಾನದಿಂದ ನೋಡಿದ.

ಬಲಗಡೆ ಪಟ್ಟಿಯ ಬಗ್ಗೆ ಹೆಚ್ಚು ಹೇಳಲು ನನಗೇ ಮನಸ್ಸಿಲ್ಲ. ಸಾಲಿನಲ್ಲಿ ನಿಂತು ಟಿಕೆಟ್ ತಗೊಂಡು ಹತ್ತಿದ ಕೋಟೆಯ ಮೇಲೆ ಇಬ್ಬರೂ ಇಪ್ಪತ್ತು ನಿಮಿಷ ಕುಕ್ಕರುಗಾಲಲ್ಲಿ ಕೂತು ಇರುವೆ ಸಾಲು ನೋಡಿದರು. ಇರುವೆಗಳು ಒಂದು ಚಿಟ್ಟೆಯ ರೆಕ್ಕೆಯನ್ನು ಎತ್ತಿಕೊಂಡು ಹೊರಟಿದ್ದವು. ಇರುವೆ ನಮ್ಮ ಅಡುಗೆಮನೆಯಲ್ಲೂ ಇವೆ, ಟಿಕೆಟ್ ಇಲ್ಲದೆ. ಹೇಳಿದರೆ ‘ಶ್!’ ಅಂದರು. ಒಂದು ನಿಮಿಷ ನಾನೂ ಕೂತೆ. ರೆಕ್ಕೆ ಹಾಯಿಯಂತೆ ನೆಟ್ಟಗೆ ನಿಂತು ಹೋಗುತ್ತಿತ್ತು, ಸುಮ್ನೆ ಹೇಳಬಾರದು, ಚೆನ್ನಾಗಿತ್ತು.

ರಾತ್ರಿ ಮಗಳಿಗೆ ಚಂದ್ರ ಸಿಕ್ಕಿದ. ಕಾರು ಓಡಿದರೆ ಓಡುತ್ತಾನೆ, ನಿಂತರೆ ನಿಲ್ಲುತ್ತಾನೆ. ಅವನು ಇರುವುದು ಸುಮಾರು 3,84,000 ಕಿಲೋಮೀಟರ್ ದೂರ, ನಾವು ಹೋಗುವ ನಲವತ್ತೈವತ್ತು ಕಿಲೋಮೀಟರು ಅವನಿಗೆ ಲೆಕ್ಕಕ್ಕೇ ಇಲ್ಲ, ಅದಕ್ಕೆ ಜಾಗ ಬದಲಿಸಿದಂತೆ ಕಾಣುವುದಿಲ್ಲ ಅಂದೆ. ಅವಳಿಗೆ ಬೇರೆ ಚಿಂತೆ. ‘ಅವನೂ ದೊಡ್ಡಮ್ಮನ ಮನೆಗೇ ಬರ್ತಿದಾನಾ? ಎಲ್ಲಿ ಮಲಗ್ತಾನೆ?’ ಅದು ಸರಿಯಾದ ಪ್ರಶ್ನೆಯೇ. ನಾವು ನಾಲ್ವರು ಎಲ್ಲಿ ಮಲಗುವುದು ಎಂದೇ ಅಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ.

ನೆಂಟರ ಮನೆಯಲ್ಲಿ ಆಟ ತಿರುಗುತ್ತದೆ. ಅಲ್ಲಿ ನೋಡುವಂಥ ಜಾಗ ಅಂದರೆ ನಮ್ಮ ಮಕ್ಕಳೇ. ಹಗಲೆಲ್ಲ ನಾವು ಕೋಟೆಗೆ ಮಾಡಿದ್ದನ್ನು ರಾತ್ರಿ ನೆಂಟರು ಇವರಿಗೆ ಮಾಡುತ್ತಾರೆ. ನಡುಮನೆಯಲ್ಲಿ ನಿಲ್ಲಿಸುತ್ತಾರೆ. ಸುತ್ತ ನೋಡುತ್ತಾರೆ. ಮೂಗು ಯಾರದು, ಹಣೆ ಯಾರದು ಅಂತ ಇತಿಹಾಸ ಹೇಳುತ್ತಾರೆ. ಫೋಟೋ ತೆಗೆಯುತ್ತಾರೆ. ಮಕ್ಕಳೂ ಪಾಪ, ಕೋಟೆಯಷ್ಟೇ ಸುಮ್ಮನೆ ನಿಂತಿರುತ್ತಾರೆ.

ಈ ಸಲ ದೊಡ್ಡಮ್ಮ ಅಳತೆಯನ್ನೂ ತೆಗೆದರು. ಒಳಕೋಣೆಯ ಬಾಗಿಲ ಪಕ್ಕದ ಗೋಡೆಗೆ ಮಗನನ್ನು ಒರಗಿಸಿ ತಲೆಯ ಮೇಲೆ ಸ್ಕೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದರು. ಅವನು ತಿರುಗಿ ನೋಡಿದರೆ ಗೋಡೆ ತುಂಬ ಹಳೆಯ ಗೆರೆಗಳು. ಸುಣ್ಣ ಹೊಡೆಯುವಾಗಲೆಲ್ಲ ಆ ಒಂದು ಪಟ್ಟಿಯಷ್ಟು ಗೋಡೆ ಬಿಟ್ಟು ಹೊಡೆಸಿದ್ದರಂತೆ. ಅವನು ಬೆರಳಿಟ್ಟು ಒಂದೊಂದನ್ನೇ ನೋಡುತ್ತ ಬಂದ. ಕೋಟೆಗೆ ಕೊಡದಷ್ಟು ಹೊತ್ತು ಕೊಟ್ಟ.

‘ಅಪ್ಪಾ, ಇದು ನೀನಾ? ಒಂಬತ್ತು ವರ್ಷಕ್ಕೆ ಇಷ್ಟೇನಾ? ನನಗಿಂತ ಕುಳ್ಳ!’

ಫೋಟೋ ತೆಗಿ ಅಂದ. ನಾಲ್ಕು ದಿನದಲ್ಲಿ ಅವನಾಗಿ ಕೇಳಿದ ಒಂದೇ ಫೋಟೋ. ನಾನು ಮೊಬೈಲ್ ಹೊರಗೆ ತೆಗೆಯುವಷ್ಟರಲ್ಲಿ ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಗೋಡೆಗೆ ಬಗ್ಗಿದರು.

‘ಅದು ನಿಮ್ಮಪ್ಪಂದಲ್ಲ ಕಣೋ, ನಿನ್ನ ಚಿಕ್ಕಪ್ಪಂದು. ನಿಮ್ಮಪ್ಪಂದು ಇನ್ನೂ ಕೆಳಗಿದೆ ನೋಡು.’