ಲಂಡನ್ನಿನ ಬ್ಯಾಂಕು, ತುಮಕೂರಿನ ಬಿಕಾಂ

ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ (ಕಂಪನಿಗಳಿಗೆ ಬಂಡವಾಳ ಎತ್ತಿಕೊಡುವ, ಕಂಪನಿ ಕೊಳ್ಳುವ ಮಾರುವ ಡೀಲ್ ಕುದುರಿಸಿಕೊಡುವ ಕೆಲಸ) ಸೇರಬೇಕು ಅಂತ ಕರ್ನಾಟಕದಿಂದ ಲಂಡನ್ನಿಗೆ ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಸರ್, ನನ್ನದು ಅಂಥಾ ಹೆಸರಿರೋ ಯೂನಿವರ್ಸಿಟಿ ಅಲ್ಲ. ಆಗುತ್ತಾ?" ಆಗುತ್ತೆ. ಆದರೆ ಅವರು ಹೆದರಿಕೊಂಡಿರುವುದು ಒಂದಕ್ಕೆ, ಏಟು ಬೀಳುವುದು ಇನ್ನೊಂದರಿಂದ.

ನಮ್ಮ ಕಡೆಯ ಪದ್ಧತಿ ಗೊತ್ತೇ ಇದೆ. ಕಂಪನಿ ಕಾಲೇಜಿಗೆ ಬರುತ್ತದೆ. ಅಹಮದಾಬಾದ್, ಬೆಂಗಳೂರು, ಕಲ್ಕತ್ತಾದ ಐಐಎಂಗಳಿಗೆ ದೊಡ್ಡ ಬ್ಯಾಂಕುಗಳು ತಾವಾಗಿಯೇ ಹೋಗುತ್ತವೆ. ತುಮಕೂರಿನ ಬಿಕಾಂ ಕಾಲೇಜಿನ ಕಡೆ ತಲೆ ಹಾಕುವುದಿಲ್ಲ. ಬರುವ ಕಂಪನಿಗಳಲ್ಲೂ ಎಷ್ಟೋ ಹತ್ತನೇ ಕ್ಲಾಸಿನಿಂದ ಹಿಡಿದು ಎಲ್ಲದರಲ್ಲೂ 60 ಪರ್ಸೆಂಟ್ ಬೇಕು ಅನ್ನುತ್ತವೆ. ಪಿಯುಸಿಯಲ್ಲಿ ಜ್ವರ ಬಂದು ಮಾರ್ಕ್ಸ್ ಬಿದ್ದಿದ್ದರೆ ಡಿಗ್ರಿ ಮುಗಿದರೂ ಅದು ಬೆನ್ನು ಬಿಡುವುದಿಲ್ಲ. ನನ್ನ ಪ್ರಕಾರ ಇದು ಕ್ರೂರ. ಒಂದು ವಿಷಯ ಮಾತ್ರ ಒಪ್ಪಬೇಕು. ಯಾರು ಬರುತ್ತಾರೆ, ಯಾವ ದಿನ, ಕಟ್‌ಆಫ್ ಎಷ್ಟು, ಎಲ್ಲವೂ ನೋಟಿಸ್ ಬೋರ್ಡಿನಲ್ಲಿರುತ್ತದೆ. ಪ್ಲೇಸ್‌ಮೆಂಟ್ ಆಫೀಸರ್ ಕರೆದು ಹೇಳುತ್ತಾರೆ.

ಇಲ್ಲಿ ಹಾಗಲ್ಲ. ಅರ್ಜಿಯನ್ನು ಯಾರು ಬೇಕಾದರೂ ಹಾಕಬಹುದು. ಆಕ್ಸ್‌ಫರ್ಡ್, ಕೇಂಬ್ರಿಜ್, ಎಲ್‌ಎಸ್‌ಇ, ಇಂಪೀರಿಯಲ್, ವಾರಿಕ್ ಅಂದರೆ ಬ್ಯಾಂಕುಗಳಿಗೆ ಪ್ರೀತಿ ಜಾಸ್ತಿ, ಅದು ನಿಜ. ಆದರೂ ಬೇರೆ ಕಡೆ ಓದಿದವರಿಗೆ ಬಾಗಿಲು ಮುಚ್ಚಿಲ್ಲ. ಜನ ಉದುರಿಹೋಗುವುದು ಕ್ಯಾಲೆಂಡರಿನಲ್ಲಿ. ಮೂರು ವರ್ಷದ ಡಿಗ್ರಿಯ ಮೊದಲ ವರ್ಷದಲ್ಲೇ 'ಸ್ಪ್ರಿಂಗ್ ವೀಕ್' ಅಂತ ಒಂದಿದೆ. ಸಾಮಾನ್ಯವಾಗಿ ಈಸ್ಟರ್ ರಜೆಯ ಆಸುಪಾಸಿನಲ್ಲಿ ಒಂದೆರಡು ವಾರ ಬ್ಯಾಂಕಿನೊಳಗೆ ಕೂರಿಸಿಕೊಂಡು ನೋಡುತ್ತಾರೆ. ಅಲ್ಲಿ ಮೆಚ್ಚುಗೆಯಾದವರಿಗೆ ಎರಡನೇ ವರ್ಷದ ಬೇಸಿಗೆಯ ಇಂಟರ್ನ್‌ಶಿಪ್ ಸುಲಭ. ಕಾಯಂ ಕೆಲಸದ ಸೀಟುಗಳು ಹೆಚ್ಚಾಗಿ ಹೋಗುವುದು ಆ ಇಂಟರ್ನ್‌ಗಳಿಗೇ. ಸ್ಪ್ರಿಂಗ್ ವೀಕಿನ ಅರ್ಜಿ ಹಾಕಬೇಕಾದದ್ದು ಕಾಲೇಜು ಸೇರಿದ ಕೆಲವೇ ವಾರಗಳಲ್ಲಿ. 18 ವರ್ಷದ ಹುಡುಗನಿಗೆ ಇದನ್ನು ಯಾರು ಹೇಳಬೇಕು? ಅಪ್ಪ ಬ್ಯಾಂಕಿನಲ್ಲಿದ್ದರೆ ಅಪ್ಪ ಹೇಳುತ್ತಾನೆ. ದುಬಾರಿ ಶಾಲೆಯಲ್ಲಿ ಓದಿದ್ದರೆ ಸೀನಿಯರ್‌ಗಳು ಹೇಳುತ್ತಾರೆ. ಊಟಕ್ಕೆ ಊರಿಗೆಲ್ಲ ಕರೆ ಕೊಟ್ಟು, ಪಂಕ್ತಿ ಕೂರುವ ಹೊತ್ತನ್ನು ಮಾತ್ರ ನೆಂಟರ ಕಿವಿಯಲ್ಲಿ ಹೇಳಿದ ಹಾಗೆ.

ಹೊತ್ತು ಒಂದೇ ಅಲ್ಲ. 2016ರಲ್ಲಿ ಇಲ್ಲಿನ ಸೋಶಿಯಲ್ ಮೊಬಿಲಿಟಿ ಕಮಿಷನ್ (ಬಡ ಮನೆಯ ಮಕ್ಕಳು ಮೇಲೆ ಬರಲು ಏನು ಅಡ್ಡಿ ಅಂತ ನೋಡುವ ಸರ್ಕಾರಿ ಆಯೋಗ) ಒಂದು ವರದಿ ತಂದಿತು. ಸೂಟಿನ ಜೊತೆ ಕಂದು ಬೂಟು ಹಾಕಿಕೊಂಡು ಬಂದವರನ್ನು ಕೆಲವು ಬ್ಯಾಂಕರುಗಳು ಅಷ್ಟಕ್ಕೇ ಕಡಿಮೆಯಾಗಿ ನೋಡುತ್ತಾರೆ ಅಂತ ಅದರಲ್ಲಿತ್ತು. ಬೂಟಿನ ಬಣ್ಣಕ್ಕೂ ಬ್ಯಾಲೆನ್ಸ್ ಶೀಟಿಗೂ ಏನು ಸಂಬಂಧ ಅಂತ ಕೇಳಬೇಡಿ. ನಮ್ಮ 60 ಪರ್ಸೆಂಟ್ ಆದರೂ ಬರೆದಿಟ್ಟ ನಿಯಮ. ಇದನ್ನು ಯಾರೂ ಬರೆದಿಡುವುದೂ ಇಲ್ಲ.

ನಮ್ಮವರು ಜಾಸ್ತಿ ಬರುವುದು ಒಂದು ವರ್ಷದ ಎಂಎಸ್ಸಿಗೆ. ಸೆಪ್ಟೆಂಬರಿನಲ್ಲಿ ಇಳಿಯುತ್ತಾರೆ. ರೂಮು ಹುಡುಕಿ, ಬ್ಯಾಂಕ್ ಖಾತೆ ತೆರೆದು, ಚಳಿಗೊಂದು ಕೋಟು ಕೊಳ್ಳುವಷ್ಟರಲ್ಲಿ ಅರ್ಜಿಯ ಕಾಲ ಅರ್ಧ ಮುಗಿದಿರುತ್ತದೆ. ಎಷ್ಟೋ ಬ್ಯಾಂಕುಗಳು ಬಂದ ಅರ್ಜಿಯನ್ನು ಬಂದ ಹಾಗೆ ನೋಡುತ್ತಾ ಸೀಟು ತುಂಬಿಸುತ್ತವೆ, ಕೊನೇ ತಾರೀಖಿಗೆ ಕಾಯುವುದಿಲ್ಲ. ಜನವರಿಯಲ್ಲಿ ಇವರು ಕೇಳುತ್ತಾರೆ, "ಪ್ಲೇಸ್‌ಮೆಂಟ್ ಯಾವಾಗ ಶುರು?" ಇಲ್ಲಿನ ಕರಿಯರ್ ಆಫೀಸು ಸಿವಿ ತಿದ್ದಿಕೊಡುತ್ತದೆ, ಸಂದರ್ಶನದ ಅಭ್ಯಾಸ ಮಾಡಿಸುತ್ತದೆ. ಕೈಹಿಡಿದು ಕಂಪನಿಯ ಮುಂದೆ ನಿಲ್ಲಿಸುವುದಿಲ್ಲ.

ಇನ್ನೊಂದು ತೊಡಕು ನಮ್ಮ ಸಂಕೋಚ. ಗುರುತಿಲ್ಲದವರಿಗೆ ಲಿಂಕ್ಡ್‌ಇನ್‌ನಲ್ಲಿ ಬರೆದು ಹದಿನೈದು ನಿಮಿಷ ಮಾತಾಡಿ ಅಂತ ಕೇಳುವುದು ಇಲ್ಲಿ ತೀರಾ ಮಾಮೂಲು. ನಮ್ಮ ಮಕ್ಕಳು ಕೇಳುವುದೇ ಇಲ್ಲ. ಕೇಳಿದರೂ ಮೊದಲ ಸಾಲಿನಲ್ಲೇ "ದಯವಿಟ್ಟು ರೆಫರ್ ಮಾಡಿ ಸರ್" ಅಂತ ಬರೆದು ಸಿವಿ ಅಂಟಿಸುತ್ತಾರೆ. ಅದನ್ನು ಯಾರೂ ಓದುವುದಿಲ್ಲ. ಆ ತಂಡ ಮಾಡಿದ ಒಂದು ಡೀಲ್ ಬಗ್ಗೆ ಓದಿಕೊಂಡು, ಅದರಲ್ಲಿ ಅರ್ಥವಾಗದ ಒಂದು ವಿಷಯ ಕೇಳಿ. ಉತ್ತರ ಬರುತ್ತದೆ. ಎಲ್ಲರಿಂದ ಅಲ್ಲ, ಒಬ್ಬಿಬ್ಬರಿಂದ. ಅಷ್ಟು ಸಾಕು.

ನನ್ನನ್ನು ಕೇಳಿದರೆ ಎರಡೂ ದೇಶದಲ್ಲಿ ಹೆಸರಿಲ್ಲದ ಕಾಲೇಜಿನವರಿಗೆ ಒಳ್ಳೆಯ ದಾರಿ ಒಂದೇ: ಅಕೌಂಟೆನ್ಸಿ. ಊರಲ್ಲಿ ಸಿಎ ಪಾಸಾದವನನ್ನು ಬಿಕಾಂ ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಅಂತ ಯಾರೂ ಕೇಳುವುದಿಲ್ಲ. ಪರೀಕ್ಷೆ ಕಷ್ಟ, ಆದರೆ ಎಲ್ಲರಿಗೂ ಅದೇ ಪೇಪರು. 2023ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿಎ ಆಗುವವರು ಆಡಿಟರ್ ಕೈಕೆಳಗೆ ಮಾಡಬೇಕಾದ ತರಬೇತಿ ಕೂಡ 3 ವರ್ಷದಿಂದ 2 ವರ್ಷಕ್ಕೆ ಇಳಿದಿದೆ. ಇಲ್ಲಿ ಅದಕ್ಕೆ ಸಮನಾದದ್ದು ಎಸಿಎ. ದೊಡ್ಡ ಅಕೌಂಟೆನ್ಸಿ ಸಂಸ್ಥೆ ಡೆಲಾಯ್ಟ್ 2015ರಲ್ಲೇ ಸಂದರ್ಶನ ಮಾಡುವವರಿಗೆ ಅಭ್ಯರ್ಥಿಯ ಯೂನಿವರ್ಸಿಟಿ ಹೆಸರು ಕಾಣದ ಹಾಗೆ ಮಾಡುತ್ತೇವೆ ಅಂತ ಪ್ರಕಟಿಸಿತ್ತು. ಅಂಥ ಸಂಸ್ಥೆಯಲ್ಲಿ ಸೇರಿ, ಎಸಿಎ ಮುಗಿಸಿ, ಕಂಪನಿ ಕೊಳ್ಳುವಾಗ ಅದರ ಲೆಕ್ಕ ಜಾಲಾಡುವ ವಿಭಾಗಕ್ಕೆ ಹೋಗಿ, ಅಲ್ಲಿಂದ ಬ್ಯಾಂಕಿಗೆ ದಾಟುವವರು ಬೇಕಾದಷ್ಟು ಜನ ಇದ್ದಾರೆ. ಮೂರು ನಾಲ್ಕು ವರ್ಷ ತಡವಾಗುತ್ತದೆ. ಆಗಲಿ ಬಿಡಿ.

ಇದೇ ಬ್ಯಾಂಕುಗಳ ಬೆಂಗಳೂರಿನ ಆಫೀಸಿಗೆ ಸೇರಿ ಲಂಡನ್ನಿಗೆ ವರ್ಗ ಮಾಡಿಸಿಕೊಳ್ಳೋಣ ಅನ್ನುವ ಲೆಕ್ಕವೂ ಕೆಲವರದು. ಗೋಲ್ಡ್‌ಮನ್ ಸ್ಯಾಕ್ಸ್ ಅಲ್ಲಿ 2004ರಿಂದ ಇದೆ, ಬೇರೆ ಬ್ಯಾಂಕುಗಳೂ ಬಂದಿವೆ. ಕೆಲಸ ಕಲಿಯಲು ಒಳ್ಳೆಯ ಜಾಗ. ವರ್ಗ ಸಿಕ್ಕರೆ ಲಾಭ, ಅದನ್ನೇ ನೆಚ್ಚಿಕೊಳ್ಳಬೇಡಿ.

ಓದಿಗೆ ಸಾಲ ಮಾಡಿ ಬರುವವರಿಗೆ ಇನ್ನೊಂದು ಮಾತು. ಓದು ಮುಗಿದ ಮೇಲೆ ಇಲ್ಲಿ ಉಳಿದು ಕೆಲಸ ಹುಡುಕಲು ಕೊಡುವ ಗ್ರಾಜುಯೇಟ್ ವೀಸಾ 2 ವರ್ಷದ್ದು. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ, ಪಿಎಚ್‌ಡಿ ಬಿಟ್ಟು, ಅದು 18 ತಿಂಗಳು. ಹಾಗಾಗಿ ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಏಜೆಂಟ್ ಎದುರು ಕೂತಾಗ ರ‍್ಯಾಂಕಿಂಗ್ ಪಟ್ಟಿ ಪಕ್ಕಕ್ಕಿಟ್ಟು ಒಂದು ಪ್ರಶ್ನೆ ಕೇಳಿ: ನಾನು ವಿಮಾನ ಹತ್ತುವ ಮೊದಲೇ ಹಾಕಬೇಕಾದ ಅರ್ಜಿಗಳು ಯಾವುವು? ಅವರು ತಡಬಡಾಯಿಸಿದರೆ, ಫೀಸು ಕಟ್ಟುವ ಮುಂಚೆ ಆ ಯೂನಿವರ್ಸಿಟಿಯಲ್ಲಿ ಈಗ ಓದುತ್ತಿರುವ ಒಬ್ಬರನ್ನಾದರೂ ಹುಡುಕಿ ಮಾತಾಡಿ.